ಕೊಡಗಿನ ಘಾಟಿ ರಸ್ತೆಗೆ ಅರ್ಧ ಕಿಲೋ ತೂಕದ ಗೇರ್ ನಾಬ್

ಹೋಂಡಾ ಸಿಟಿಯ ನಾಲ್ಕನೆಯ ತಲೆಮಾರಿನ, ಐದು ಗೇರುಗಳ ಪೆಟ್ರೋಲ್ ಮ್ಯಾನ್ಯುಯಲ್ ಕಾರಿನಲ್ಲಿ ಕಂಪನಿಯಿಂದಲೇ ಬಂದಿದ್ದ ಗೇರ್ ನಾಬನ್ನು, ಅಂದರೆ ಗೇರ್ ಲಿವರಿನ ತುದಿಯ ಹಿಡಿಯನ್ನು, ತೆಗೆಸಿ, ಅದರ ಜಾಗದಲ್ಲಿ 50 ಮಿ.ಮೀ. ವ್ಯಾಸದ ಸ್ಟೇನ್‌ಲೆಸ್ ಸ್ಟೀಲ್ ಗುಂಡೊಂದನ್ನು ಕೂರಿಸಿಕೊಂಡಿದ್ದೇನೆ. ಒಂದು ಪೂರ್ತಿ ಮಳೆಗಾಲವೂ ಅದರ ಬೆನ್ನಿಗೇ ಬಂದ ಚಳಿಗಾಲವೂ ಕಳೆದಿರುವುದರಿಂದ ಅದರ ಗುಣದೋಷಗಳನ್ನು ಹೇಳಬಹುದು ಎನಿಸಿದೆ. ನಾಬಿಗೆ 1,850 ರೂಪಾಯಿ, ಕೂರಿಸಿದ ಕೂಲಿ 150 ರೂಪಾಯಿ; ಎರಡನ್ನೂ ಕೊಟ್ಟದ್ದು ಕುಶಾಲನಗರದ ಒಂದು ಕಾರ್ ಆಕ್ಸೆಸರೀಸ್ ಅಂಗಡಿಗೆ. ನಾಬಿನ ಮೇಲಾಗಲಿ ಡಬ್ಬಿಯ ಮೇಲಾಗಲಿ ತಯಾರಕರ ಹೆಸರಿಲ್ಲ, ಅಳತೆ ಮತ್ತು ತೂಕ ಮಾತ್ರ ಅಚ್ಚಾಗಿವೆ. ಆದ್ದರಿಂದ ಇದನ್ನು ಯಾವುದೋ ಬ್ರಾಂಡಿನ ವಿಮರ್ಶೆ ಎನ್ನುವುದಕ್ಕಿಂತ ಈ ಬಗೆಯ ನಾಬಿನ ಮತ್ತು ಅದನ್ನು ಕೂರಿಸುವ ಕೆಲಸದ ವಿಮರ್ಶೆ ಎಂದು ಓದಿಕೊಳ್ಳುವುದು ಒಳ್ಳೆಯದು. ತೂಕಕ್ಕಾಗಿ ಕೊಟ್ಟ ಹಣ ವ್ಯರ್ಥವಾಗಿಲ್ಲ ಎಂಬುದು ನನ್ನ ಒಟ್ಟು ಅಭಿಪ್ರಾಯ. ಆದರೆ ಆ ತೂಕ ಲಿವರಿಗೆ ನೇರವಾಗಿ ಥ್ರೆಡ್ (ತಿರುಪಿನ ಸುತ್ತುಗಳು) ಮೂಲಕ ಬಿಗಿಯಾಗಿದ್ದರೆ ಮಾತ್ರ ಈ ಮಾತು ಸಲ್ಲುತ್ತದೆ.

ಬೆಂಗಳೂರು–ಮೈಸೂರು ಹೆದ್ದಾರಿಯಲ್ಲಿ ಓಡಾಡುವವರಿಗೆ ಈ ವಸ್ತು ಬಹುಶಃ ಬೇಡ. ಅಲ್ಲಿ ಐದನೆಯ ಗೇರಿಗೆ ಹಾಕಿದ ಮೇಲೆ ನಾಬಿನ ನೆನಪಾಗುವುದು ಟೋಲ್ ಬಂದಾಗ. ನಮ್ಮ ಜಿಲ್ಲೆಯಲ್ಲಿ ಹಾಗಲ್ಲ. ಮಡಿಕೇರಿಯಿಂದ ಸಂಪಾಜೆಗೆ ಇಳಿಯುವ ರಾಷ್ಟ್ರೀಯ ಹೆದ್ದಾರಿ 275 ಇರಲಿ, ವಿರಾಜಪೇಟೆಯಿಂದ ಪೆರುಂಬಾಡಿ ದಾಟಿ ಮಾಕುಟ್ಟದ ಕಡೆಗೆ ಹೋಗುವ ರಸ್ತೆಯಿರಲಿ, ಎರಡು ಮತ್ತು ಮೂರನೆಯ ಗೇರುಗಳ ನಡುವೆ ಕೈ ಸುಮ್ಮನೆ ಕೂರುವುದೇ ಇಲ್ಲ. ಇನ್ನು ತೋಟದ ಒಳರಸ್ತೆಗಳಲ್ಲಂತೂ ಎದುರಿನಿಂದ ಪಿಕಪ್ ಬಂದರೆ ಹಿಂದಕ್ಕೆ ಹೋಗಿ ಗೇಟಿನ ಬಾಯಿಯಲ್ಲಿ ಜಾಗ ಬಿಡಬೇಕು, ಮತ್ತೆ ಮೊದಲನೆಯ ಗೇರಿನಲ್ಲಿ ಏರು ಹತ್ತಬೇಕು. ಹೀಗಿರುವಾಗ ಕೈಗೆ ಸಿಗುವ ಆ ಗುಂಡು ಯಾವುದರಿಂದ ಮಾಡಿದ್ದು, ಎಷ್ಟು ತೂಗುತ್ತದೆ, ಎಷ್ಟು ಎತ್ತರದಲ್ಲಿ ಕೂತಿದೆ ಎಂಬುದು ಬರೀ ಶೋಕಿಯ ಪ್ರಶ್ನೆಯಾಗಿ ಉಳಿಯುವುದಿಲ್ಲ.

ಕೊಳ್ಳುವ ಮೊದಲು ತಿಳಿದಿರಬೇಕಾದ ಸಂಗತಿ ಥ್ರೆಡ್ಡಿನ ಅಳತೆ. ಗೇರ್ ಲಿವರಿನ ತುದಿಯಲ್ಲಿ ಬೋಲ್ಟಿಗಿರುವಂತೆಯೇ ಥ್ರೆಡ್ ಇರುತ್ತದೆ, ನಾಬಿನೊಳಗೆ ನಟ್ಟಿಗಿರುವಂತೆ ಇರುತ್ತದೆ; ಎರಡೂ ಒಂದೇ ಅಳತೆಯವಾಗಿರಬೇಕು. ಹೋಂಡಾ ಕಾರುಗಳದ್ದು 10 ಮಿ.ಮೀ. ವ್ಯಾಸ, ಒಂದು ಸುತ್ತಿಗೆ 1.5 ಮಿ.ಮೀ. ಇಳಿಯುವ ಥ್ರೆಡ್. ನಿಸ್ಸಾನ್ ಮತ್ತು ಮಿತ್ಸುಬಿಶಿ ಕಾರುಗಳಲ್ಲಿ ಸಾಮಾನ್ಯವಾಗಿ ವ್ಯಾಸ ಅಷ್ಟೇ ಇದ್ದರೂ ಸುತ್ತಿಗೆ 1.25 ಮಿ.ಮೀ.; ಟೊಯೋಟಾದಲ್ಲಿ ಸಾಮಾನ್ಯವಾಗಿ 12 ಮಿ.ಮೀ. ವ್ಯಾಸಕ್ಕೆ 1.25. ಕಾಲು ಮಿಲಿಮೀಟರಿನ ವ್ಯತ್ಯಾಸ ಕಣ್ಣಿಗೆ ಕಾಣುವುದಿಲ್ಲ, ಕೈಗೂ ಮೊದಲ ಒಂದೆರಡು ಸುತ್ತಿನವರೆಗೆ ತಿಳಿಯುವುದಿಲ್ಲ. ಆಮೇಲೆ ನಾಬ್ ಬಿಗಿಯತೊಡಗುತ್ತದೆ. ಕೂರಿಸುವವನು ಅದನ್ನು ಸಹಜವಾದ ಬಿಗಿಯೆಂದು ತಿಳಿದು ಒತ್ತಿ ತಿರುಗಿಸಿದರೆ ಲಿವರಿನ ಥ್ರೆಡ್ಡೇ ಕಿತ್ತುಹೋಗುತ್ತದೆ. ನಾಬ್ ಹಾಳಾದರೆ ಬೇರೆ ತರಬಹುದು. ಲಿವರ್ ಹಾಳಾದರೆ ಸೀಟುಗಳ ನಡುವಿನ ಕನ್ಸೋಲ್ ಬಿಚ್ಚಿ ಇಡೀ ಲಿವರ್ ಜೋಡಣೆಯನ್ನು ಬದಲಿಸುವ ಖರ್ಚು ಬೀಳುತ್ತದೆ.

ಹೋಂಡಾ ಇಟ್ಟುಕೊಂಡವರಿಗೆ ಇಲ್ಲಿ ಒಂದು ಅನುಕೂಲವಿದೆ. 10 ಮಿ.ಮೀ. ವ್ಯಾಸದ, ಹಾರ್ಡ್‌ವೇರ್ ಅಂಗಡಿಯಲ್ಲಿ ಬಿಡಿಯಾಗಿ ಸಿಗುವ ಮಾಮೂಲಿ ಬೋಲ್ಟಿನ ಥ್ರೆಡ್ ಕೂಡ 1.5 ಮಿ.ಮೀ. ಅಳತೆಯದೇ. ಆದ್ದರಿಂದ ಅಂಥ ಒಂದು ಬೋಲ್ಟನ್ನು ಜೇಬಿನಲ್ಲಿಟ್ಟುಕೊಂಡು ಆಕ್ಸೆಸರೀಸ್ ಅಂಗಡಿಗೆ ಹೋಗಿ, ತೋರಿಸಿದ ನಾಬನ್ನು ಅದಕ್ಕೆ ತಿರುಗಿಸಿ ನೋಡಿದರೆ ಸಾಕು. ಎರಡು ಬೆರಳಿನಲ್ಲಿ ಕೊನೆಯವರೆಗೆ ಇಳಿದರೆ ಅದು ನಿಮ್ಮ ಕಾರಿನದು, ಮೂರನೆಯ ಸುತ್ತಿಗೆ ಕಚ್ಚಿಕೊಂಡರೆ ಬೇರೆಯವರದು. ಕಾರಿನ ಬಾಗಿಲನ್ನೂ ತೆರೆಯದೆ ಮುಗಿಯುವ ಪರೀಕ್ಷೆ ಇದು. ಬೇರೆ ಕಾರಿನವರು ಹಳೆಯ ನಾಬನ್ನು ಬಿಚ್ಚಿ, ಲಿವರಿನ ಥ್ರೆಡ್ಡಿನ ಒಂದು ಏಣಿನಿಂದ ಹನ್ನೊಂದನೆಯ ಏಣಿನವರೆಗೆ ಸ್ಕೇಲ್ ಹಿಡಿದು ಅಳೆಯಬಹುದು: ಹತ್ತು ಸುತ್ತಿಗೆ 15 ಮಿ.ಮೀ. ಬಂದರೆ 1.5, ಹನ್ನೆರಡೂವರೆ ಬಂದರೆ 1.25.

ಅಂಗಡಿಯಲ್ಲಿ ಮೊದಲು ತೋರಿಸಿದ್ದು ನಾನು ಕೊಂಡ ನಾಬನ್ನಲ್ಲ. ಗಾಜಿನ ಕಪಾಟಿನಲ್ಲಿ ಸಾಲಾಗಿ ಇಟ್ಟಿದ್ದ, ಕೆಂಪು ಹೊಲಿಗೆಯ, ಕಾರ್ಬನ್ ಫೈಬರಿನಂತೆ ಕಾಣುವ ಸ್ಟಿಕರ್ ಅಂಟಿಸಿದ ನಾಬುಗಳನ್ನು ಒಂದೊಂದಾಗಿ ಇಳಿಸುತ್ತ ಅಲ್ಲಿನ ಹುಡುಗ, "ಇದು ಎಲ್ಲಾ ಗಾಡಿಗೂ ಆಗ್ತದೆ ಸಾರ್, ಥ್ರೆಡ್ ಎಲ್ಲ ನೋಡುವುದೇ ಬೇಡ" ಎಂದ. ಅವನ ಮಾತು ಒಂದು ಅರ್ಥದಲ್ಲಿ ನಿಜ. ಆ ನಾಬಿನೊಳಗೆ ಥ್ರೆಡ್ ಇರುವುದಿಲ್ಲ. ಅಗಲವಾದ ನುಣುಪು ತೂತು, ಲಿವರಿನ ದಪ್ಪಕ್ಕೆ ತಕ್ಕಂತೆ ಆರಿಸಿ ತುರುಕುವ ಎರಡು ಮೂರು ಪ್ಲಾಸ್ಟಿಕ್ ಕೊಳವೆಗಳು, ಮತ್ತು ಬದಿಯಿಂದ ಅಲೆನ್ ಕೀಯಲ್ಲಿ ಬಿಗಿಯುವ, ತಲೆಯಿಲ್ಲದ ಮೂರು ಸಣ್ಣ ಗ್ರಬ್ ಸ್ಕ್ರೂಗಳು. ಸ್ಕ್ರೂಗಳು ಪ್ಲಾಸ್ಟಿಕ್ಕನ್ನು ಒತ್ತುತ್ತವೆ, ಪ್ಲಾಸ್ಟಿಕ್ ಲಿವರನ್ನು ಹಿಡಿಯುತ್ತದೆ. ಅಂಗಡಿಯ ನೆರಳಿನಲ್ಲಿ ಹಿಡಿದು ಅಲುಗಾಡಿಸಿದರೆ ಗಟ್ಟಿಯಾಗಿಯೇ ಇರುತ್ತದೆ. ಬಿಸಿಲಿಗೆ ನಿಂತ ಕಾರಿನಲ್ಲಿ ಪ್ಲಾಸ್ಟಿಕ್ ಮೆತ್ತಗಾಗುತ್ತದೆ, ರಸ್ತೆಯ ಅದುರುವಿಕೆಗೆ ಸ್ಕ್ರೂಗಳು ಕೂದಲೆಳೆಯಷ್ಟು ಹಿಂದೆ ಸರಿಯುತ್ತವೆ, ಒಂದು ದಿನ ನಾಬ್ ಸುತ್ತತೊಡಗುತ್ತದೆ. ಸುಂಟಿಕೊಪ್ಪದ ಪರಿಚಿತರೊಬ್ಬರ ಕಾರಿನಲ್ಲಿ ಇಂಥದೇ ಒಂದು ನಾಬ್ ಇಳಿಜಾರಿನಲ್ಲಿ ಮೂರರಿಂದ ಎರಡಕ್ಕೆ ಎಳೆಯುವಾಗ ಕೈಯಲ್ಲೇ ಕಳಚಿಕೊಂಡು ಬಂದಿತ್ತು. ಬರಿಯ ಸರಳನ್ನು ಹಿಡಿದು ಗೇರ್ ಹಾಕಿ ಹೇಗೋ ಬದಿಗೆ ನಿಲ್ಲಿಸಿದರಂತೆ. ಮುನ್ನೂರು ನಾನೂರು ರೂಪಾಯಿಗೆ ಸಿಗುವ ಈ ವಸ್ತುವನ್ನು ನಾನು ಉಚಿತವಾಗಿ ಕೊಟ್ಟರೂ ಹಾಕಿಸಿಕೊಳ್ಳುವುದಿಲ್ಲ. ಘಾಟಿಯಲ್ಲಿ ಓಡುವ ಕಾರಿಗೆ ಇದನ್ನು ಮಾರುವುದೇ ತಪ್ಪು ಎಂದು ಅಂಗಡಿಯವರಿಗೂ ಹೇಳಿದೆ, ನಕ್ಕರು.

ಕೇಳಿದ ಮೇಲೆ ಒಳಗಿನಿಂದ ತಂದುಕೊಟ್ಟ ಸ್ಟೀಲ್ ಗುಂಡಿಗೆ ಒಳಗೇ ಥ್ರೆಡ್ ಕೊರೆದಿತ್ತು. ಬೋಲ್ಟ್ ಸಲೀಸಾಗಿ ಇಳಿಯಿತು. ಥ್ರೆಡ್ಡಿನ ಅಂಚುಗಳು ಚೊಕ್ಕಟವಾಗಿದ್ದು, ಒಳಗೆ ಲೋಹದ ಪುಡಿ ಉಳಿದಿರಲಿಲ್ಲ. ಬೆಲೆಗೆ ತಕ್ಕ ಕೆಲಸ.

ಹಳೆಯ ನಾಬನ್ನು ಬಿಚ್ಚುವುದು ಕಷ್ಟದ ಕೆಲಸವಲ್ಲ. ಲಿವರಿನ ಬುಡವನ್ನು ಮುಚ್ಚುವ ರೆಕ್ಸಿನಿನ ಬೂಟ್ ನಾಬಿನ ಕೆಳತುದಿಗೆ ಸೇರಿಕೊಂಡಿರುತ್ತದೆ, ಅದನ್ನು ಕೆಳಕ್ಕೆ ಎಳೆದು ಬಿಡಿಸಿ, ನಾಬನ್ನು ಎಡಕ್ಕೆ ತಿರುಗಿಸಿದರೆ ಬಿಚ್ಚಿಕೊಳ್ಳುತ್ತದೆ. ಕಾರ್ಖಾನೆಯಲ್ಲಿ ಬಿಗಿದದ್ದರಿಂದ ಮೊದಲ ಕಾಲು ಸುತ್ತಿಗೆ ತೋಳಿನ ಬಲ ಬೇಕಾಗುತ್ತದೆ. ಆಗ ಲಿವರ್ ನ್ಯೂಟ್ರಲ್‌ನಲ್ಲಿದ್ದು ಅತ್ತಿತ್ತ ವಾಲಿದರೆ ಬಲವೆಲ್ಲ ಕೆಳಗಿನ ಕೀಲಿನ ಮೇಲೆ ಬೀಳುತ್ತದೆ. ಅದಕ್ಕೆ ಎಂಜಿನ್ ಆರಿಸಿ, ಹ್ಯಾಂಡ್ ಬ್ರೇಕ್ ಎಳೆದು, ಗೇರಿಗೆ ಹಾಕಿಟ್ಟು ತಿರುಗಿಸುವುದು ಕ್ರಮ. ಅಂಗಡಿಯ ಹುಡುಗ ಇಷ್ಟನ್ನು ಹೇಳಿಸಿಕೊಳ್ಳದೆಯೇ ಮಾಡಿದ. ಕಟಿಂಗ್ ಪ್ಲೇಯರ್ ಹಿಡಿಯಲಿಲ್ಲ, ಒರಟು ಬಟ್ಟೆಯೊಂದನ್ನು ಸುತ್ತಿ ಕೈಯಿಂದಲೇ ಬಿಚ್ಚಿದ ಎಂಬುದಕ್ಕೆ ಅವನಿಗೆ ಪೂರ್ಣ ಅಂಕ ಕೊಡುತ್ತೇನೆ.

ತೊಡಕು ಶುರುವಾದದ್ದು ಹೊಸದನ್ನು ಕೂರಿಸುವಾಗ. ನಾಬಿನ ನೆತ್ತಿಯಲ್ಲಿ ಗೇರುಗಳ ನಕ್ಷೆ ಕೆತ್ತಿರುತ್ತದೆ, ನಾಬ್ ಪೂರ್ತಿ ಬಿಗಿಯಾದಾಗ ಆ ನಕ್ಷೆ ನೇರವಾಗಿ ನಿಲ್ಲುತ್ತದೆ ಎಂಬ ಭರವಸೆಯಿಲ್ಲ. ನನ್ನದು ಕಿಟಕಿಯ ಕಡೆಗೆ ವಾಲಿಕೊಂಡು ನಿಂತಿತು. ಇದಕ್ಕೆ ಉಪಾಯವೆಂದರೆ ಅದೇ ಅಳತೆಯ ತೆಳು ನಟ್ಟೊಂದನ್ನು ಮೊದಲು ಲಿವರಿಗೆ ಇಳಿಸಿ, ಆಮೇಲೆ ನಾಬನ್ನು ಹಾಕಿ, ನಕ್ಷೆಯನ್ನು ನೇರಕ್ಕೆ ತಂದು ಹಿಡಿದುಕೊಂಡು, ಕೆಳಗಿನಿಂದ ನಟ್ಟನ್ನು ನಾಬಿಗೆ ಒತ್ತುವಂತೆ ಪಾನಾದಲ್ಲಿ ಬಿಗಿಯುವುದು. ನಟ್ಟೂ ನಾಬೂ ಒಂದಕ್ಕೊಂದು ಎದುರಾಗಿ ಒತ್ತಿಕೊಂಡು ಎರಡೂ ಸಡಿಲವಾಗುವುದಿಲ್ಲ. ಹುಡುಗನಿಗೆ ಈ ಉಪಾಯ ಗೊತ್ತಿತ್ತು, ಆದರೆ ತೆಳು ನಟ್ ಅಂಗಡಿಯಲ್ಲಿರಲಿಲ್ಲ. "ಎರಡು ಹನಿ ಫೆವಿಕ್ವಿಕ್ ಬಿಟ್ಟರೆ ಅಲ್ಲಾಡುವುದೇ ಇಲ್ಲ ಸಾರ್" ಎಂದು ಆತ ಸೂಚಿಸಿದ್ದನ್ನು ನಾನು ಒಪ್ಪಲಿಲ್ಲ. ಅಂಟು ಹಾಕಿದ ನಾಬ್ ಮುಂದೆ ಬಿಚ್ಚಬೇಕಾದಾಗ ಥ್ರೆಡ್ಡನ್ನೂ ಜೊತೆಗೆ ತೆಗೆದುಕೊಂಡು ಬರುತ್ತದೆ. ಅಂಟಿಸಲೇಬೇಕೆಂದರೆ ಮೆಕ್ಯಾನಿಕ್‌ಗಳು ಬಳಸುವ ನೀಲಿ ಥ್ರೆಡ್ ಲಾಕರ್ ಇದೆ, ಅದು ಪಾನಾದ ಬಲಕ್ಕೆ ಬಿಟ್ಟುಕೊಡುತ್ತದೆ. ಕೆಂಪು ಬಣ್ಣದ್ದು ಕಾಯಿಸದೆ ಬಿಡುವುದಿಲ್ಲವಾದ್ದರಿಂದ ಅದು ಬೇಡ. ಕೊನೆಗೆ ಹುಡುಗ ಪಕ್ಕದ ಹಾರ್ಡ್‌ವೇರ್ ಅಂಗಡಿಗೆ ಹೋಗಿ ನಟ್ ತಂದ, ಕೆಲಸ ಮುಗಿಯಿತು.

ಇನ್ನೊಂದು ತೊಡಕು ಇಂದಿಗೂ ಪೂರ್ತಿ ಬಗೆಹರಿದಿಲ್ಲ. ಕಂಪನಿಯ ನಾಬ್ ಉದ್ದವಾದದ್ದು, ಅದರ ಕೆಳತುದಿ ಬೂಟಿನ ಬಾಯಿಗೆ ಸರಿಯಾಗಿ ಕೂರುವಂತೆ ಮಾಡಿದ್ದು. ಗುಂಡಿಗೆ ಅಂಥ ತುದಿಯಿಲ್ಲ. ಬೂಟ್ ಹಿಡಿದುಕೊಳ್ಳಲು ಏನೂ ಇಲ್ಲದೆ ಕುಸಿದು, ನಡುವೆ ಬರಿಯ ಸರಳು ಕಾಣಿಸುತ್ತದೆ, ಒಳಗಿನ ಸದ್ದೂ ಸ್ವಲ್ಪ ಹೆಚ್ಚು ಕೇಳುತ್ತದೆ. ಇದಕ್ಕಾಗಿಯೇ ಥ್ರೆಡ್ಡಿರುವ ಕಾಲರುಗಳು ಬರುತ್ತವೆ; ನಾಬಿನ ಕೆಳಗೆ ಲಿವರಿಗೆ ತಿರುಗಿಸಿದರೆ ಬೂಟನ್ನು ಹಿಡಿದುಕೊಳ್ಳುವುದಲ್ಲದೆ ತೆಳು ನಟ್ಟಿನ ಕೆಲಸವನ್ನೂ ಅದೇ ಮಾಡುತ್ತದೆ. ಈ ಅಂಗಡಿಯಲ್ಲಿ ಅದು ಇಲ್ಲ, ಮಡಿಕೇರಿಯಲ್ಲಿ ಮತ್ತು ಗೋಣಿಕೊಪ್ಪಲಿನಲ್ಲಿ ವಿಚಾರಿಸಿದಾಗಲೂ ಸಿಗಲಿಲ್ಲ. ಸದ್ಯಕ್ಕೆ ಬೂಟನ್ನು ಒಳಮೈ ಹೊರಗೆ ಬರುವಂತೆ ಮೇಲಕ್ಕೆ ಮಗುಚಿ, ಅದರ ಬಾಯಿಯನ್ನು ನಟ್ಟಿನ ಕೆಳಗೆ ಕೇಬಲ್ ಟೈಯಿಂದ ಕಟ್ಟಿ, ಮತ್ತೆ ಕೆಳಕ್ಕೆ ಮಡಚಿ ಬಿಟ್ಟಿದ್ದಾರೆ. ಕಟ್ಟು ಒಳಗೆ ಅಡಗುವುದರಿಂದ ನೋಡುವವರಿಗೆ ತಿಳಿಯುವುದಿಲ್ಲ. ನಾಬನ್ನು ಮಾರುವವರು ಕಾಲರನ್ನೂ ಜೊತೆಗೆ ಕೊಡದಿರುವುದು ಈ ವಸ್ತುವಿನ ದೊಡ್ಡ ಕೊರತೆ ಎಂದು ನಾನು ಬಗೆಯುತ್ತೇನೆ, ಏಕೆಂದರೆ ಕಾಲರಿಲ್ಲದೆ ಇದು ಮುಗಿದ ಕೆಲಸದಂತೆ ಕಾಣುವುದಿಲ್ಲ.

ತೂಕದ ವಿಷಯಕ್ಕೆ ಬರೋಣ. 50 ಮಿ.ಮೀ. ವ್ಯಾಸದ ಗೋಳದ ಗಾತ್ರ ಸುಮಾರು 65 ಘನ ಸೆಂಟಿಮೀಟರ್. ಸ್ಟೇನ್‌ಲೆಸ್ ಸ್ಟೀಲ್ ಘನ ಸೆಂಟಿಮೀಟರಿಗೆ ಎಂಟು ಗ್ರಾಂನಷ್ಟು ತೂಗುವುದರಿಂದ ಅಖಂಡ ಗುಂಡು 500 ಗ್ರಾಂ ದಾಟಬೇಕು, ಥ್ರೆಡ್ಡಿನ ತೂತು ಮತ್ತು ಬುಡದ ಚಪ್ಪಟೆ ಭಾಗವನ್ನು ಕಳೆದರೆ ಐನೂರರ ಆಸುಪಾಸು ನಿಲ್ಲಬೇಕು. ಡಬ್ಬಿಯಲ್ಲಿ 500 ಎಂದಿತ್ತು. ಮನೆಯಲ್ಲಿ ಕರಿಮೆಣಸು ತೂಗುವ ಡಿಜಿಟಲ್ ತಕ್ಕಡಿಯಲ್ಲಿ ಇಟ್ಟು ನೋಡಿದಾಗ ಅದಕ್ಕಿಂತ ಹತ್ತಿಪ್ಪತ್ತು ಗ್ರಾಂ ಮಾತ್ರ ಕಡಿಮೆ ಬಂತು, ಹಾಗಾಗಿ ಒಳಗೆ ಪೊಳ್ಳಿಲ್ಲ ಎಂಬ ನಂಬಿಕೆ ಬಂದಿದೆ. ಅದೇ ಗಾತ್ರದ ಅಲ್ಯೂಮಿನಿಯಂ ಗುಂಡು 180 ಗ್ರಾಂ ಒಳಗೇ ಇರುತ್ತದೆ, ಡೆಲ್ರಿನ್ ಎಂಬ ಗಟ್ಟಿ ಪ್ಲಾಸ್ಟಿಕ್ಕಿನದಾದರೆ 90 ಗ್ರಾಂ ಹತ್ತಿರ. ಹೊಳಪು ಮೂರಕ್ಕೂ ಕೊಡಬಹುದು. ಆದ್ದರಿಂದ 'ಭಾರದ ನಾಬ್' ಎಂದು ಹಣ ಪಡೆಯುವ ಅಂಗಡಿಯಲ್ಲಿ ತಕ್ಕಡಿ ಕೇಳುವುದಕ್ಕೆ ಸಂಕೋಚಪಡಬೇಕಾಗಿಲ್ಲ.

ತೂಕ ಏನು ಮಾಡುತ್ತದೆ? ಗೇರ್‌ಬಾಕ್ಸಿನೊಳಗೆ ಪ್ರತಿ ಗೇರಿನ ಸ್ಥಾನವನ್ನು ಸ್ಪ್ರಿಂಗ್ ಒತ್ತಿದ ಸಣ್ಣ ಗುಂಡೊಂದು ಕುಳಿಯಲ್ಲಿ ಕೂತು ಹಿಡಿದಿರುತ್ತದೆ. ಗೇರ್ ಬದಲಿಸುವಾಗ ಮೊದಲು ಆ ಕುಳಿಯಿಂದ ಏಳಬೇಕು, ಆಮೇಲೆ ಸಿಂಕ್ರೊನೈಸರಿನ ಉಂಗುರ ಎರಡು ಭಾಗಗಳ ವೇಗವನ್ನು ಸಮ ಮಾಡುವವರೆಗೆ ಒಂದು ಗಳಿಗೆ ತಡೆಯಬೇಕು, ಕೊನೆಗೆ ಮುಂದಿನ ಕುಳಿಗೆ ಬೀಳಬೇಕು. ಹಗುರ ನಾಬ್ ಹಿಡಿದ ಕೈಗೆ ಈ ಮೂರು ಹಂತಗಳೂ ಬೇರೆ ಬೇರೆಯಾಗಿ ತಿಳಿಯುತ್ತವೆ. ಭಾರದ ನಾಬ್ ಒಮ್ಮೆ ಚಲಿಸತೊಡಗಿದರೆ ಆ ವೇಗವನ್ನು ಸುಲಭವಾಗಿ ಬಿಟ್ಟುಕೊಡುವುದಿಲ್ಲವಾದ್ದರಿಂದ ಕುಳಿಗಳ ಏರಿಳಿತ ಕೈಗೆ ಮಟ್ಟಸವಾಗಿ ಬರುತ್ತದೆ, ಕೊನೆಯ ಬೀಳು ತಾನಾಗಿಯೇ ಆದಂತೆ ಅನಿಸುತ್ತದೆ. ಸಂಪಾಜೆಯ ಇಳಿತದಲ್ಲಿ ತಿರುವಿಗೆ ಮುಂಚೆ ಮೂರರಿಂದ ಎರಡಕ್ಕೆ ಬರುವಾಗ ಇದು ಚೆನ್ನಾಗಿ ಗೊತ್ತಾಗುತ್ತದೆ. ಬ್ರೇಕನ್ನು ಬಿಸಿ ಮಾಡದೆ ಎಂಜಿನ್ನಿನ ಹಿಡಿತದಲ್ಲೇ ಇಳಿಯಬೇಕೆಂದರೆ ಈ ಬದಲಾವಣೆ ಮತ್ತೆ ಮತ್ತೆ ಆಗಲೇಬೇಕು. ಬೆರಳುಗಳಿಂದ ಹಿಡಿದು ಎಳೆಯುವ ಅಗತ್ಯವಿಲ್ಲ, ಅಂಗೈಯನ್ನು ಗುಂಡಿನ ಮೇಲೆ ಮಗುಚಿ ಹಿಂದಕ್ಕೆ ನೂಕಿದರೆ ಸಾಕು. ಲಿವರಿನಲ್ಲಿ ಮೊದಲಿದ್ದ ಸಣ್ಣ ಝೇಂಕಾರವೂ ಕಡಿಮೆಯಾಗಿದೆ, ತುದಿಯ ತೂಕ ಹೆಚ್ಚಿದಂತೆ ಲಿವರ್ ಅದುರುವ ಗತಿ ನಿಧಾನವಾಗುವುದು ಇದಕ್ಕೆ ಕಾರಣ.

ಇಷ್ಟು ಹೊಗಳಿದ ಮೇಲೆ ಒಂದು ಎಚ್ಚರಿಕೆಯನ್ನೂ ಹೇಳಬೇಕು. ಚಳಿಗಾಲದ ಬೆಳಿಗ್ಗೆ ಗೇರ್ ಆಯಿಲ್ ಮಂದವಾಗಿರುವಾಗ ಎರಡನೆಯ ಗೇರ್ ಒರಟಾಗಿ ಬೀಳುವುದು ಭಾರದ ನಾಬಿನಿಂದ ಕಡಿಮೆ ಅನಿಸುತ್ತದೆ, ಹೋಗುವುದಿಲ್ಲ. ಗೇರ್ ಹಾಕುವಾಗ ಕರಕರ ಸದ್ದು ಬರುತ್ತಿದ್ದರೆ ಅದು ಕ್ಲಚ್ ಪೂರ್ತಿ ಬಿಡಿಸಿಕೊಳ್ಳದ ಲಕ್ಷಣವೋ, ಆಯಿಲ್ ಹಳೆಯದಾದದ್ದೋ, ಸಿಂಕ್ರೊನೈಸರ್ ಸವೆದದ್ದೋ ಆಗಿರುತ್ತದೆ. ಅಂಥ ಕಾರಿಗೆ ಈ ಗುಂಡನ್ನು ಹಾಕಿದರೆ ರೋಗ ಹಾಗೆಯೇ ಇದ್ದು ನೋವು ಮಾತ್ರ ತಿಳಿಯದಂತಾಗುತ್ತದೆ. ಮೊದಲು ಮೆಕ್ಯಾನಿಕ್‌ಗೆ ತೋರಿಸಿ, ಆಮೇಲೆ ನಾಬಿನ ಅಂಗಡಿಗೆ ಹೋಗುವುದು ಸರಿಯಾದ ದಾರಿ. ಹಾಗೆಯೇ ಈ ತೂಕ ಸಿಕ್ಕಿದ ಮೇಲೆ ಕೈಯನ್ನು ಅದರ ಮೇಲೆಯೇ ಇಟ್ಟುಕೊಂಡು ಓಡಿಸುವ ಆಸೆ ಹುಟ್ಟುತ್ತದೆ. ಕೈಯ ಭಾರ ಲಿವರಿನ ಮೂಲಕ, ಒಳಗೆ ಗೇರನ್ನು ಸರಿಸುವ ಸೆಲೆಕ್ಟರ್ ಫೋರ್ಕಿನ ಮೇಲೆ ಬಿದ್ದು, ತಿರುಗುತ್ತಿರುವ ಸ್ಲೀವ್ ಎಂಬ ಉಂಗುರಕ್ಕೆ ಅದು ಉಜ್ಜುತ್ತ ಸವೆಯುವುದರಿಂದ ಗೇರ್ ಹಾಕಿದ ಕೂಡಲೇ ಕೈ ಸ್ಟೀರಿಂಗಿಗೆ ಮರಳಬೇಕು.

ಗುಂಡಿಗಳ ರಸ್ತೆಯಲ್ಲಿ ಅರ್ಧ ಕಿಲೋ ತೂಕ ಲಿವರಿನ ತುದಿಯಲ್ಲಿ ಕುಣಿದು ಗೇರ್ ಜಾರಿಸುವುದಿಲ್ಲವೇ ಎಂದು ಕೆಲವರು ಕೇಳಿದ್ದಾರೆ. ನ್ಯಾಯವಾದ ಪ್ರಶ್ನೆ. ಇಂದಿನ ಮುಂಚಕ್ರ ಚಾಲನೆಯ ಕಾರುಗಳಲ್ಲಿ ಲಿವರಿನಿಂದ ಗೇರ್‌ಬಾಕ್ಸಿಗೆ ಕೇಬಲ್ ಹೋಗುತ್ತದೆ, ಗೇರ್ ಹಿಡಿದಿಡುವ ಕುಳಿಗಳು ಗಟ್ಟಿಯಾಗಿದ್ದರೆ ಈ ತೂಕ ಅವನ್ನು ಮೀರುವುದಿಲ್ಲ. ನನ್ನ ಕಾರಿನಲ್ಲಿ ಹಾಗೆ ಆಗಿಲ್ಲ. ಆದರೆ ಮೊದಲೇ ಗೇರ್ ಜಾರುವ ಚಾಳಿಯಿರುವ ಹಳೆಯ ಕಾರಿಗೆ ಇದು ಖಂಡಿತ ಕೂಡದು. ಮಾಂದಲ್ ಪಟ್ಟಿಗೆ ಪ್ರವಾಸಿಗರನ್ನು ಕರೆದೊಯ್ಯುವ ಜೀಪುಗಳ ಉದ್ದನೆಯ ಲಿವರಿಗೂ ನಾನು ಇದನ್ನು ಹೇಳಲಾರೆ. ಅಲ್ಲಿ ತುದಿಯ ತೂಕಕ್ಕೆ ಲಿವರಿನ ಉದ್ದವೂ ಸೇರಿಕೊಂಡು ಓಲಾಟ ಹೆಚ್ಚುತ್ತದೆ.

ಎತ್ತರದ ಬಗ್ಗೆ ಒಂದು ಮಾತು. ಗುಂಡು ಹಳೆಯ ನಾಬಿಗಿಂತ ಗಿಡ್ಡ, ಕೈ ಮೊದಲಿಗಿಂತ ಕೆಳಗೆ ಬರುತ್ತದೆ. ಕೀಲಿನಿಂದ ಕೈಗೆ 200 ಮಿ.ಮೀ. ಇದ್ದದ್ದು 180 ಆಯಿತೆಂದರೆ ಕೈ ಚಲಿಸುವ ದೂರ ಹತ್ತನೆಯ ಒಂದು ಭಾಗ ಕಡಿಮೆಯಾಗುತ್ತದೆ, ಹಾಕಬೇಕಾದ ಬಲ ಅಷ್ಟೇ ಪ್ರಮಾಣಕ್ಕಿಂತ ತುಸು ಹೆಚ್ಚುತ್ತದೆ. ಗೇರುಗಳು ಹತ್ತಿರ ಬಂದಂತೆ ಅನಿಸುವ ಸುಖಕ್ಕೆ ಇದೇ ಕಾರಣ, ಉದ್ದ ಕೈಯವರಿಗೆ ಭುಜ ಸ್ವಲ್ಪ ಬಗ್ಗಿಸಬೇಕಾಗುವ ಕಿರಿಕಿರಿಗೂ ಇದೇ ಕಾರಣ. ನನ್ನ ಮನೆಯವರಿಗೆ ಗಿಡ್ಡವಾದದ್ದು ಹಿಡಿಸಿದೆ, ನನಗೆ ಒಂದು ಬೆರಳಿನಷ್ಟು ಎತ್ತರವಿದ್ದಿದ್ದರೆ ಚೆನ್ನಾಗಿತ್ತು ಎನಿಸುತ್ತದೆ.

ಕೊಡಗಿನ ಹವೆಗೆ ಯಾವ ವಸ್ತು ತಾಳುತ್ತದೆ ಎಂಬುದನ್ನು ಅಂಗಡಿಯವರು ಯಾರೂ ಹೇಳುವುದಿಲ್ಲ. ಜೂನ್ ತಿಂಗಳಿಂದ ಸೆಪ್ಟೆಂಬರ್‌ವರೆಗೆ ನಾಲ್ಕು ದಿನ ಕಾರನ್ನು ಮುಚ್ಚಿ ನಿಲ್ಲಿಸಿದರೆ ಸ್ಟೀರಿಂಗಿನ ಚರ್ಮದ ಹೊದಿಕೆಗೆ, ಸೀಟ್ ಬೆಲ್ಟಿಗೆ, ಚರ್ಮ ಸುತ್ತಿದ ಗೇರ್ ನಾಬಿಗೆ ಬಿಳಿಯ ಬೂಷ್ಟು ಹಿಡಿಯುವುದು ಇಲ್ಲಿ ಕಾರಿಟ್ಟುಕೊಂಡ ಎಲ್ಲರಿಗೂ ಗೊತ್ತು. ಒರೆಸಿದರೆ ಹೋಗುತ್ತದೆ, ಹೊಲಿಗೆಯ ಸಂದಿಯಲ್ಲಿ ಉಳಿದು ಮುಂದಿನ ವಾರ ಮತ್ತೆ ಬರುತ್ತದೆ, ವಾಸನೆಯಂತೂ ಕೈಗೆ ಅಂಟುತ್ತದೆ. ಸ್ಟೀಲ್ ಗುಂಡಿಗೆ ಈ ಕಾಟವಿಲ್ಲ. ಕಳೆದ ಮಳೆಗಾಲದಲ್ಲಿ ಅದರ ಮೇಲೆ ತೇವ ಕೂತದ್ದುಂಟು, ತುಕ್ಕಾಗಲಿ ಕಲೆಯಾಗಲಿ ಬಿದ್ದಿಲ್ಲ. ಕ್ರೋಮ್ ಲೇಪನದ ಅಗ್ಗದ ನಾಬುಗಳಾದರೆ ಬೆವರು ಮತ್ತು ತೇವಕ್ಕೆ ಲೇಪನ ಉಬ್ಬಿ ಸಿಪ್ಪೆಯೇಳುತ್ತದೆ, ಅದರ ಅಂಚು ಅಂಗೈಯನ್ನು ಕೊಯ್ಯುವಷ್ಟು ಹರಿತವಾಗಿರುತ್ತದೆ. ಮಳೆಯಲ್ಲಿ ನೆನೆದ ಕೈಗೆ ಮಾತ್ರ ಈ ನುಣುಪು ಗುಂಡು ಜಾರುತ್ತದೆ. ತೋಟದ ಗೇಟು ತೆಗೆದು ಬಂದು ಕೂತ ಕೂಡಲೇ ಕೈ ಒರೆಸಿಕೊಳ್ಳುವ ಅಭ್ಯಾಸ ಬೆಳೆಸಿಕೊಳ್ಳಬೇಕು. ಕನ್ನಡಿಯಂಥ ಹೊಳಪಿನ ಬದಲು ಸಣ್ಣ ಗೆರೆಗಳಿರುವ ಮಂಕು ಮೈಯನ್ನೇ ತಯಾರಕರು ಕೊಟ್ಟಿದ್ದರೆ ಜಾರುವುದೂ ತಪ್ಪುತ್ತಿತ್ತು, ಬಿಸಿಲು ಬಿದ್ದಾಗ ಕಣ್ಣಿಗೆ ಕುಕ್ಕುವುದೂ ತಪ್ಪುತ್ತಿತ್ತು.

ಚಳಿಯ ವಿಷಯದಲ್ಲಿ ಸ್ಟೀಲ್ ಸೋಲುತ್ತದೆ. ಸಮುದ್ರಮಟ್ಟದಿಂದ ಸುಮಾರು 1,150 ಮೀಟರ್ ಎತ್ತರದ ಮಡಿಕೇರಿಯಲ್ಲಿ ಜನವರಿಯ ಬೆಳಿಗ್ಗೆ, ರಾತ್ರಿಯೆಲ್ಲ ಹೊರಗೆ ನಿಂತ ಕಾರಿನಲ್ಲಿ ಕೂತು ಈ ಗುಂಡನ್ನು ಹಿಡಿಯುವುದು ಫ್ರೀಜರಿನಿಂದ ಆಗಷ್ಟೇ ತೆಗೆದ ಲೋಟ ಹಿಡಿದಂತೆ. ಅಲ್ಯೂಮಿನಿಯಂ ಇದಕ್ಕಿಂತಲೂ ಕೆಟ್ಟದ್ದು, ಅದರ ಶಾಖವಾಹಕತೆ ಸ್ಟೇನ್‌ಲೆಸ್ ಸ್ಟೀಲಿನದಕ್ಕಿಂತ ಹತ್ತು ಪಟ್ಟಿಗೂ ಹೆಚ್ಚಾದ್ದರಿಂದ ಕೈಯ ಶಾಖವನ್ನು ಇನ್ನೂ ಬೇಗ ಎಳೆದುಕೊಳ್ಳುತ್ತದೆ. ಆದರೆ ತೂಕ ಕಡಿಮೆಯಿರುವುದರಿಂದ ಬೇಗ ಬೆಚ್ಚಗೂ ಆಗುತ್ತದೆ. ಸ್ಟೀಲಿನ ಅರ್ಧ ಕಿಲೋ ಬೆಚ್ಚಗಾಗುವಷ್ಟರಲ್ಲಿ ನೀವು ಊರು ದಾಟಿರುತ್ತೀರಿ. ಮಾರ್ಚ್ ತಿಂಗಳಲ್ಲಿ ಕುಶಾಲನಗರದ ಬಿಸಿಲಿಗೆ ನಿಲ್ಲಿಸಿ ಬಂದಾಗ ಕಥೆ ಉಲ್ಟಾ, ಕರ್ಚೀಫು ಹಾಕಿಯೇ ಮೊದಲ ಗೇರ್ ಹಾಕಬೇಕು. ಉಣ್ಣೆಯ ಟೊಪ್ಪಿಗೆಯಂಥ ಕವರುಗಳನ್ನು ಅಂಗಡಿಯವರು ಮಾರುತ್ತಾರೆ, ಅವು ಗುಂಡಿನ ಮೇಲೆ ಸುತ್ತುತ್ತವೆ, ಹಿಡಿತ ತಪ್ಪಿಸುತ್ತವೆ, ಬೇಡ.

ರಿವರ್ಸ್ ಬಗ್ಗೆ ಎರಡು ಮಾತು. ನನ್ನ ಕಾರಿನಲ್ಲಿ ರಿವರ್ಸ್ ಇರುವುದು ಬಲಗಡೆ ಕೆಳಗೆ, ಐದನೆಯ ಗೇರಿನ ಎದುರು. ಕೊಂಡ ನಾಬಿನ ನಕ್ಷೆಯೂ ಹಾಗೆಯೇ ಇದೆ. ಅಂಗಡಿಯಲ್ಲಿ ಆರು ಗೇರಿನ ನಕ್ಷೆಯವು, ರಿವರ್ಸ್ ಎಡಗಡೆ ಮೇಲೆ ಇರುವವು ಕೂಡ ಒಂದೇ ಡಬ್ಬಿಯಲ್ಲಿದ್ದವು. ಕಾರನ್ನು ಸರ್ವೀಸ್ ಸೆಂಟರಿನ ಹುಡುಗನೋ, ಮದುವೆಮನೆಯಲ್ಲಿ ಪಾರ್ಕಿಂಗ್ ನೋಡಿಕೊಳ್ಳುವವನೋ ಓಡಿಸಬೇಕಾಗಿ ಬರುವುದರಿಂದ ತಪ್ಪು ನಕ್ಷೆಯ ನಾಬಿಗಿಂತ ನಕ್ಷೆಯೇ ಇಲ್ಲದ್ದು ವಾಸಿ, ಸರಿಯಾದ ನಕ್ಷೆಯದು ಎಲ್ಲಕ್ಕಿಂತ ವಾಸಿ. ಇನ್ನು ರಿವರ್ಸ್ ಹಾಕಲು ನಾಬಿನ ಕೆಳಗಿನ ಉಂಗುರವನ್ನು ಎತ್ತಬೇಕಾದ ಕಾರುಗಳಿವೆ, ರೆನೋ ಡಸ್ಟರ್ ಮತ್ತು ಹ್ಯುಂಡೈ ಐ20 ಇದ್ದವರಿಗೆ ಇದು ಗೊತ್ತು. ಅವುಗಳಲ್ಲಿ ಬರೀ ನಾಬ್ ಬದಲಿಸಿದರೆ ಉಂಗುರ ನಿಲ್ಲಲು ನೆಲೆಯಿಲ್ಲದೆ ರಿವರ್ಸೇ ಬೀಳದಂತಾಗಬಹುದು. ಆ ಮಾದರಿಗೆಂದೇ ಮಾಡಿದ ನಾಬ್ ಸಿಗದಿದ್ದರೆ ಹಳೆಯದನ್ನೇ ಉಳಿಸಿಕೊಳ್ಳಿ. ಫೋಕ್ಸ್‌ವ್ಯಾಗನ್ ಪೋಲೋದಲ್ಲಿ ಲಿವರನ್ನೇ ಕೆಳಗೆ ಒತ್ತಿ ರಿವರ್ಸ್ ಹಾಕುವುದರಿಂದ ಆ ತೊಂದರೆಯಿಲ್ಲ, ಆದರೆ ನಾಬ್ ಮತ್ತು ಬೂಟ್ ಒಂದೇ ಜೋಡಣೆಯಾಗಿ ಕ್ಲಾಂಪಿನಲ್ಲಿ ನಿಲ್ಲುವುದರಿಂದ ಥ್ರೆಡ್ಡಿನ ನಾಬ್ ಅಲ್ಲಿ ಕೂರುವುದಿಲ್ಲ.

ಕಾನೂನಿನ ಭಯ ಬೇಕಾಗಿಲ್ಲ. ಮೋಟಾರು ವಾಹನಗಳ ಕಾಯ್ದೆ, 1988ರ 52ನೆಯ ಸೆಕ್ಷನ್ ತಡೆಯುವುದು ನೋಂದಣಿ ಪತ್ರದಲ್ಲಿ ನಮೂದಾದ ತಯಾರಕರ ವಿವರಗಳಿಗೆ ಹೊಂದದಂಥ ಮಾರ್ಪಾಡುಗಳನ್ನು. ಗೇರ್ ನಾಬ್ ಆ ಪತ್ರದಲ್ಲಿ ಬರುವ ವಸ್ತುವಲ್ಲ. ಆದರೂ ಹಳೆಯ ನಾಬನ್ನು ಬಿಸಾಡಬೇಡಿ. ವಾರಂಟಿಯೊಳಗಿನ ಕಾರಿನ ಗೇರ್‌ಬಾಕ್ಸಿಗೆ ಏನಾದರೂ ಆದರೆ ಹಳೆಯದನ್ನು ಹಾಕಿಕೊಂಡೇ ಸರ್ವೀಸ್ ಸೆಂಟರಿಗೆ ಹೋಗುವುದು ಅನಗತ್ಯ ವಾದವನ್ನು ತಪ್ಪಿಸುತ್ತದೆ. ಅಂಗಡಿಯವರು ನನ್ನ ಹಳೆಯ ನಾಬನ್ನು ಕೇಳದೆಯೇ ಕವರಿನಲ್ಲಿ ಹಾಕಿ ಕೈಗಿತ್ತರು.

ಅಂಗಡಿಯ ಸೇವೆಗೆ ಐದರಲ್ಲಿ ಮೂರೂವರೆ ಕೊಡುತ್ತೇನೆ. ಕೈಕೆಲಸ ಚೊಕ್ಕ, ಮಾತು ಮರ್ಯಾದೆಯದು, ಕೆಲವು ವಾರಗಳ ನಂತರ ಬಿಗಿ ನೋಡಿಸಲು ಹೋದಾಗ ದುಡ್ಡು ತೆಗೆದುಕೊಳ್ಳಲಿಲ್ಲ. ಉಳಿದ ಒಂದೂವರೆ ಅಂಕ ಹೋದದ್ದು ಗ್ರಬ್ ಸ್ಕ್ರೂವಿನ ನಾಬನ್ನು ಮೊದಲು ತೋರಿಸಿದ್ದಕ್ಕೆ ಮತ್ತು ಕಾಲರ್ ಇಟ್ಟುಕೊಳ್ಳದಿದ್ದುದಕ್ಕೆ. ನಾಬಿಗೆ ನಾಲ್ಕು. ನಾನು ಇನ್ನೊಮ್ಮೆ ಕೊಳ್ಳುವುದಾದರೆ ಒಳಗೆ ಸ್ಟೀಲಿನ ತಿರುಳು, ಹೊರಗೆ ಡೆಲ್ರಿನ್ ಹೊದಿಕೆ ಇರುವ ಬಗೆಯನ್ನು ತರಿಸುತ್ತೇನೆ. ತೂಕ ಸಾಕಷ್ಟು ಉಳಿಯುತ್ತದೆ, ಪ್ಲಾಸ್ಟಿಕ್ ಶಾಖವನ್ನು ತೀರ ನಿಧಾನವಾಗಿ ಸಾಗಿಸುವುದರಿಂದ ಜನವರಿಯಲ್ಲೂ ಮಾರ್ಚಿನಲ್ಲೂ ಕೈಗೆ ಹಿತ, ಬೂಷ್ಟಿನ ಭಯವೂ ಇಲ್ಲ. ಬೆಲೆ ಹೆಚ್ಚು, ಇಲ್ಲಿನ ಅಂಗಡಿಗಳಲ್ಲಿ ಇಟ್ಟಿರುವುದಿಲ್ಲ, ಥ್ರೆಡ್ಡಿನ ಅಳತೆ ಹೇಳಿ ಮುಂಗಡ ಕೊಟ್ಟು ತರಿಸಿಕೊಳ್ಳಬೇಕು. ಕಾರನ್ನು ಶೆಡ್ಡಿನಲ್ಲಿ ನಿಲ್ಲಿಸುವವರಿಗೆ ಬರಿಯ ಸ್ಟೀಲ್ ಗುಂಡೇ ಸಾಕು.